ಸಣ್ಣ ಗುಂಡು

"ಅಪ್ಪಾ, ಅದು ಕಯೋಟಿ ಗನ್. ಡಿಯರ್‌ಗೆ ಬೇಡ."

ವಿಟ್ಬಿಯ ಮನೆಯ ಗರಾಜಿನಲ್ಲಿ ಕಾರಿನ ಡಿಕ್ಕಿ ತೆರೆದು ನಿಂತಿದ್ದ ದಾನಪ್ಪ ತಲೆ ಎತ್ತಲಿಲ್ಲ. ಜಿಂಕೆ ಬೇಟೆಗೆಂದು ಮಗಳು ಈಶಾ ನಾರ್ತ್ ಯಾರ್ಕಿನಿಂದ ನಸುಕಿನಲ್ಲೇ ಬಂದಿದ್ದಳು. ಅವಳ ದೊಡ್ಡ ರೈಫಲಿನ ಪಕ್ಕದಲ್ಲಿ ಅವನು ಮಲಗಿಸಿದ್ದು ಸಣ್ಣ ಗುಂಡಿನ ರೈಫಲು; ಗೆಳೆಯನ ಕುರಿ ಫಾರ್ಮಿಗೆ ನುಗ್ಗುವ ಕಯೋಟಿಗಳನ್ನು, ನರಿಗಿಂತ ತುಸು ದೊಡ್ಡದಾದ ಆ ಪ್ರಾಣಿಗಳನ್ನು, ಹೊಡೆಯಲೆಂದು ಕೊಂಡದ್ದು.

"ದೊಡ್ಡದು ಹೊಡದಾಗ ಭುಜಕ್ಕ ಒದೀತೈತಿ. ಸರ್ಜನ್ ಏನಂದಾನ ನಿನಗ ಗೊತ್ತೈತಲ್ಲ?" ದಾನಪ್ಪ ಬಲಭುಜವನ್ನು ಮುಟ್ಟಿ ತೋರಿಸಿದ. ಚಳಿಗಾಲ ಮುಗಿದೊಡನೆ ಆ ಭುಜದ ಕೀಲನ್ನೇ ಬದಲಿಸಿದ್ದರು.

"ಹಾಗಾದ್ರೆ ಸುಮ್ನೆ ಬಾ. ಜಸ್ಟ್ ಸಿಟ್ ವಿತ್ ಮಿ."

"ಸುಮ್ನ ಕುಂದ್ರಾಕ ಅಡವಿಗ್ಯಾಕ ಹೋಗ್ಬೇಕು? ಮನ್ಯಾಗ ಸೋಫಾ ಇಲ್ಲೇನು?" ಎಂದ ದಾನಪ್ಪ. ಆಮೇಲೆ ದನಿ ಇಳಿಸಿ, "ಗುಂಡು ಸಣ್ಣದಿದ್ರ ಏನಾತು? ಬಡಿಯೋ ಜಾಗಕ್ಕ ಬಡದ್ರ ಆತು," ಎಂದ.

ಇದೇ ಮಾತನ್ನು ಬೇರೆಯವರು ಆಡಿದಾಗ ಅವನು ಒಮ್ಮೆಯೂ ಒಪ್ಪಿದವನಲ್ಲ. ಕಾರು ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದಾಗ ಜೊತೆಗಾರರಿಂದ ಬೇಟೆ ಕಲಿತು, ಆಮೇಲೆ ತಾನೇ ಎಷ್ಟೋ ಹೊಸಬರಿಗೆ ಕಲಿಸಿದ್ದ. ಸಣ್ಣ ರೈಫಲು ಹಿಡಿದು ಬಂದವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿದ್ದ. ಈಶಾಳಿಗೆ ಕಲಿಸಿದವನೂ ಅವನೇ. ಅವಳು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ ಡಿಕ್ಕಿ ಮುಚ್ಚಿದಳು.

ಉತ್ತರದ ಕಾಡಿನಲ್ಲಿ ತೆಳ್ಳಗೆ ಹಿಮ ಬಿದ್ದಿತ್ತು. ಇಬ್ಬರೂ ಒಂದು ಬಿದ್ದ ಮರದ ಹಿಂದೆ ಕೂತು ಕಾದರು. ಬಿಸಿಲೇರುವ ಹೊತ್ತಿಗೆ ಸೀಡರ್ ಮರಗಳ ಸಂದಿಯಿಂದ ಒಂದು ಗಂಡು ಜಿಂಕೆ ಹೊರಬಂದು, ಪಕ್ಕೆ ತೋರಿಸಿಕೊಂಡು ನಿಂತಿತು. ಈಶಾ ತನ್ನ ರೈಫಲನ್ನು ಎತ್ತದೆ ಅಪ್ಪನಿಗೆ ಬಿಟ್ಟುಕೊಟ್ಟಳು. ದಾನಪ್ಪ ಸಣ್ಣ ರೈಫಲನ್ನು ಎತ್ತಿದ. ಹಿಂದಿನ ವಾರ ಗುರಿ ಅಭ್ಯಾಸದ ರೇಂಜಿನಲ್ಲಿ ಅವನ ಗುಂಡುಗಳೆಲ್ಲ ಒಂದು ನಾಣ್ಯದಗಲದ ಜಾಗದಲ್ಲೇ ತೂತು ಕೊರೆದಿದ್ದವು. ಮುಂಗಾಲಿನ ತುಸು ಹಿಂದೆ, ಪುಪ್ಪುಸ ಇರುವಲ್ಲಿಗೆ ಗುರಿಯಿಟ್ಟು ಕುದುರೆ ಎಳೆದ. ಎಳೆಯುವುದಕ್ಕೂ ಜಿಂಕೆ ಅವನತ್ತ ಮೈ ತಿರುಗಿಸುವುದಕ್ಕೂ ಸರಿಹೋಯಿತು.

ಅವನ ಭುಜಕ್ಕೆ ಏನೂ ಆಗಲಿಲ್ಲ. ಜಿಂಕೆ ಮುಂದಕ್ಕೆ ಮುಗ್ಗರಿಸಿತು, ಎದ್ದಿತು, ಒಂದು ಮುಂಗಾಲನ್ನು ಎಳೆದುಕೊಂಡು ಮೂರೇ ಕಾಲಲ್ಲಿ ಮರಗಳ ನಡುವೆ ಓಡಿತು.

ಹಿಮದ ಮೇಲೆ ಕಾಲೆಳೆದ ಗೆರೆ, ಅದರ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ರಕ್ತದ ಹನಿ. ಅದನ್ನೇ ಹಿಡಿದು ನಡೆದರು. ಎರಡು ಕಡೆ ಜಿಂಕೆ ಮಲಗಿ, ಇವರ ಸಪ್ಪಳಕ್ಕೆ ಮತ್ತೆ ಎದ್ದು ಹೋದ ಗುರುತಿತ್ತು. ಅಲ್ಲಿ ಹಿಮ ಕರಗಿ ಕೆಂಪು ಕೆಸರಾಗಿತ್ತು. ತೊರೆ ದಾಟಿದ ಮೇಲೆ ದಾನಪ್ಪನ ಉಸಿರು ಕಟ್ಟಿತು. "ನೀ ಹೋಗವ್ವಾ," ಎಂದು ಕೈಬೀಸಿದ. ಈಶಾ ಮುಂದೆ ಹೋದಳು. ಅವನು ಮರಕ್ಕೆ ಒರಗಿ ನಿಂತು ಒಂದು ಶಬ್ದಕ್ಕಾಗಿ ಕಿವಿಗೊಟ್ಟ. ಬೇಟೆಯಾಡಿದ ಅಷ್ಟೂ ವರ್ಷಗಳಲ್ಲಿ ಯಾವ ಶಬ್ದಕ್ಕೂ ಅವನು ಹಾಗೆ ಹಂಬಲಿಸಿರಲಿಲ್ಲ. ಬಿಸಿಲು ಮರದ ಇನ್ನೊಂದು ಬದಿಗೆ ಸರಿದ ಮೇಲೆ ದೊಡ್ಡ ರೈಫಲಿನ ಸದ್ದು ಕೇಳಿತು. ಒಂದೇ ಒಂದು.

ಅವನು ತಲುಪಿದಾಗ ಮಗಳು ಜಿಂಕೆಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು. ದಾನಪ್ಪ ಕೈಗವಸು ಕಳಚಿ ತನ್ನ ಗುಂಡು ತಾಗಿದ ಜಾಗವನ್ನು ಮುಟ್ಟಿದ. ಹೆಗಲ ಮೇಲೆ ಚರ್ಮ, ಮಾಂಸ ಬೊಗಸೆಯಷ್ಟಗಲ ಚಿಂದಿಯಾಗಿತ್ತು. ಎಲುಬು ಮುರಿದಿತ್ತು. ಬೆರಳಿಳಿಸಿ ಒಳಗೆ ತಡಕಿದ. ಅದರಾಚೆಯ ಪಕ್ಕೆಲುಬುಗಳು ಒಂದೂ ಬಿಡದೆ ಗಟ್ಟಿಯಾಗಿದ್ದವು. ಗುಂಡು ಎಲುಬಿಗೆ ಬಡಿದು ಅಲ್ಲೇ ಪುಡಿಯಾಗಿತ್ತು. ಕಯೋಟಿಗೆ ಸಾಕಾಗುವಂಥದ್ದು ಜಿಂಕೆಯ ಎದೆಯವರೆಗೆ ಹೋಗಿಯೇ ಇರಲಿಲ್ಲ.

"ಅದು ತಿರುಗಿಬಿಡ್ತು," ಎಂದ.

"ದೇ ಆಲ್ವೇಸ್ ಮೂವ್, ಅಪ್ಪಾ," ಎಂದಳು ಈಶಾ. ಬೈಯುವ ದನಿಯಲ್ಲ. ಮೊದಲ ಸಲ ಬಂದ ಹುಡುಗರಿಗೆ ಹೇಳಿಕೊಡುವ ದನಿ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ವಿಟ್ಬಿ ಮುಟ್ಟುವವರೆಗೂ ಅವಳೇ ಕಾರು ನಡೆಸಿದಳು.

ಗರಾಜಿನ ಬಾಗಿಲೆತ್ತಿದ ಸದ್ದಿಗೆ ಅಡುಗೆಮನೆಯ ಕಡೆಯಿಂದ ದಾನಪ್ಪನ ಹೆಂಡತಿ ಶಾರದವ್ವ ಮಾಂಸಕ್ಕೆಂದು ಬೋಗುಣಿ ಹಿಡಿದು ಬಂದಳು. ಅವಳು ಒಮ್ಮೆಯೂ ಕಾಡಿಗೆ ಹೋದವಳಲ್ಲ. ಆದರೆ ಪ್ರತಿ ವರ್ಷ ಮಾಂಸ ಒಳಗೆ ಬರುವ ಮೊದಲು ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಕೇಳುತ್ತಿದ್ದಳು. ಅವನೂ ಪ್ರತಿ ವರ್ಷ, "ಇಲ್ಲ, ಅದಕ್ಕ ಗೊತ್ತಾಗ್ಲೇ ಇಲ್ಲ," ಎನ್ನುತ್ತಿದ್ದ. ಅದು ನಿಜವೂ ಆಗಿರುತ್ತಿತ್ತು.

"ಭಾಳ ಒದ್ದಾಡಿತೇನ್ರಿ?" ಎಂದು ಕೇಳಿದಳು ಶಾರದವ್ವ.

ಈಶಾ ಬೆನ್ನು ತಿರುಗಿಸಿಕೊಂಡು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಅವಳು ನೀರು ನಿಲ್ಲಿಸಿದಳು.

"ಹೂಂ," ಎಂದ ದಾನಪ್ಪ. "ಗೊತ್ತಾತು ಅದಕ್ಕ."

ಶಾರದವ್ವ ತಂದಿದ್ದ ಬೋಗುಣಿಯನ್ನು ಖಾಲಿಯಾಗಿಯೇ ಒಳಗೆ ಒಯ್ದಳು.