ನಕ್ಷೆಗೆ ಮೂರು ಬೀಗ

ಕೀ ಹಾಕಿದ್ದಾಯಿತು. ಕಂಪ್ಯೂಟರಿನ ಪರದೆ ಮಾತ್ರ ಬೂದು ಬಣ್ಣ ಬಿಡಲಿಲ್ಲ. ನಡುವೆ ಒಂದೇ ಸಾಲು: ಈ ಕೀಗೆ ಇಲ್ಲಿ ಅನುಮತಿ ಇಲ್ಲ.

"ಬೀಗದ ಅಂಗಡೀಲಿ ಕೂತ್ಕೊಂಡು ಕೀ ಹಾಕೋಕೆ ಬರಲ್ಲ ಅಂದ್ರೆ ಜನ ನಗ್ತಾರೆ ಕಣಮ್ಮ," ಎಂದರು ಮಾವ.

ಸೊಸೆ ಕೀಯನ್ನು ಮತ್ತೊಮ್ಮೆ ಹಾಕಿ ನೋಡಿದಳು. ಕೀ ಕಳೆದರೂ ಬಾಗಿಲು ಸಿಕ್ಕಿಕೊಂಡರೂ ಜನ ಫೋನ್ ಮಾಡುತ್ತಿದ್ದುದು ಈ ಅಂಗಡಿಗೆ. ಯಾವ ಹುಡುಗ ಯಾವ ಮನೆಗೆ ಎಂದು ಇಷ್ಟು ವರ್ಷ ಹೇಳುತ್ತಿದ್ದವರು ಮಾವ. ಊರಿನ ಈ ತುದಿಯಲ್ಲಿದ್ದವನನ್ನು ಆ ತುದಿಗೆ ಓಡಿಸಿ, ಆ ತುದಿಯಲ್ಲಿದ್ದವನನ್ನು ಇಲ್ಲಿಗೆ ಕರೆಸುವುದು ಅವರ ಪದ್ಧತಿ. ಹೊಸ ಸಾಫ್ಟ್‌ವೇರ್ ಹತ್ತಿರ ಇದ್ದವನನ್ನೇ ಕಳಿಸುತ್ತದೆ. ಅದಕ್ಕೆ ನಕ್ಷೆ ಬೇಕು. ನಕ್ಷೆಯ ಕಂಪನಿ ಒಂದು ಕೀ ಕೊಡುತ್ತದೆ, ಅಕ್ಷರ ಅಂಕಿಗಳ ಉದ್ದನೆಯ ಸರ. ಅದನ್ನು ಬೇರೆಯವರು ಕದ್ದು ಬಳಸದಂತೆ ಅದಕ್ಕೂ ಬೀಗ ಹಾಕಬಹುದು: ಇಂಥ ವೆಬ್‌ಸೈಟಿನಲ್ಲಿ ಮಾತ್ರ, ಇಂಥ ಕಂಪ್ಯೂಟರಿನಿಂದ ಮಾತ್ರ, ಇಂಥ ಕೆಲಸಕ್ಕೆ ಮಾತ್ರ.

ಎಷ್ಟು ಹಾಕಲಿ ಎಂದು ಅವಳು ಮಾವನನ್ನೇ ಕೇಳಿದ್ದಳು.

"ಮೂರೂ ಹಾಕು. ಒಂದು ಪಕ್ಕದ ಮನೆಯವರಿಗೆ, ಒಂದು ಕಳ್ಳರಿಗೆ, ಒಂದು ನೆಂಟರಿಗೆ."

ಹಾಕಿದ್ದಳು.

ಮಾವ ಎಣ್ಣೆ ಜಿಡ್ಡಿನ ಕೈ ನೋಡಿಕೊಳ್ಳುತ್ತ ಎದ್ದರು. "ಮನೆಗೆ ಹೋಗಿ ಬರ್ತೀನಿ. ಅಷ್ಟರಲ್ಲಿ ನಕ್ಷೆ ಬಂದ್ರೆ ಈ ಕುರ್ಚಿ ನಿಂದು. ಬರ್ಲಿಲ್ಲ ಅಂದ್ರೆ ಈ ಡಬ್ಬ ವಾಪಸ್ಸು, ನೀನು ಮೊದಲಿನ ಹಾಗೆ ಹಿಂದಿನ ರೂಮಲ್ಲಿ ಬಿಲ್ಲು ಬರಿ."

ಅವಳು ನಕ್ಷೆಯವರಿಗೆ ಫೋನ್ ಮಾಡಿದಳು. ಎಂಜಿನಿಯರ್ ತಾವೇ ಕರೆ ಮಾಡುತ್ತಾರೆ ಎಂದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ಗಂಡು ದನಿ, ನೆಗಡಿ ಹಿಡಿದಂತೆ ಮೂಗಿನಿಂದಲೇ ಮಾತು.

"ಮೇಡಂ, ಕೀ ವಿಷಯ."

"ನಿಮಗೇ ಕಾಯ್ತಿದ್ದೆ ಸಾರ್. ಒಳಗೇ ಬಿಡ್ತಿಲ್ಲ."

"ಹೂಂ. ಅದೇ ತೊಂದರೆ."

"ಮೂರು ಬೀಗ ಹಾಕಿದ್ದಕ್ಕೇ ಅಲ್ವಾ?"

ಆ ಕಡೆ ಉಸಿರು ನಿಂತಿತು. "ಮೂರು ಅಂತ ಯಾರು ಹೇಳಿದ್ದು?"

"ನಮ್ಮ ಮಾವ. ಅವರ ಮಾತು ಕೇಳಿ ಕೆಟ್ಟೆ. ಗಾಳಿ ಬಂದ್ರೂ ಗುರುತಿನ ಚೀಟಿ ಕೇಳೋ ಮನುಷ್ಯ."

"ಅನುಭವಸ್ಥರು ಇರಬೇಕು ಮೇಡಂ."

"ಅನುಭವ ಬೇಕಾದಷ್ಟಿದೆ. ತಪ್ಪು ಒಪ್ಕೊಳ್ಳೋ ಅಭ್ಯಾಸ ಇಲ್ಲ. ನೀವೇ ಹೇಳಿ ಸಾರ್, ಮೂರು ಬೇಕಿತ್ತಾ?"

ಒಂದು ಸೀನು. ಹಿಂದೆಯೇ ಇನ್ನೊಂದು.

"ಬೇಕಿರ್ಲಿಲ್ಲ," ಎಂದಿತು ದನಿ, ಹಲ್ಲು ಕೀಳಿಸಿಕೊಂಡವರಂತೆ. "ಒಂದೇ ಸಾಕಿತ್ತು."

ಅವಳು ಎರಡನ್ನು ತೆಗೆದಳು. ಬೂದು ಪರದೆ ಒಡೆದು ಬೀದಿಗಳು ಮೂಡಿದವು. ಸೇತುವೆ, ಪಾರ್ಕು, ಆಸ್ಪತ್ರೆಯ ತಿರುವು, ಅವುಗಳ ನಡುವೆ ನೀಲಿ ಚುಕ್ಕೆಗಳಾಗಿ ಅಂಗಡಿಯ ಹುಡುಗರು. ಒಬ್ಬ ಪಾರ್ಕಿನೊಳಗೇ ಇದ್ದ. ಅಲ್ಲಿ ಯಾವ ಬೀಗವೂ ಇರಲಿಲ್ಲ. ಅವನನ್ನು ಆಮೇಲೆ ವಿಚಾರಿಸಿಕೊಂಡರಾಯಿತು.

"ತೆರೀತು ಸಾರ್. ನಿಮ್ಮಿಂದ ನನಗೆ ಕುರ್ಚಿ ಸಿಕ್ತು. ಫೋನ್ ಇಡ್ಲಾ?"

"ಇಡಬೇಡಿ. ನಿಮ್ಮದು ತೆರೀತು, ನಾನಿನ್ನೂ ಹೊರಗೇ ಇದ್ದೀನಿ. ಸ್ನಾನ ಮಾಡಿ ಬಟ್ಟೆ ತಗೊಳ್ಳೋಕೆ ಹೊರಗೆ ಬಂದೆ, ಗಾಳಿಗೆ ಬಾಗಿಲು ಹಾಕ್ಕೊಂಡು ಮೂರೂ ಬೀಗ ತಾವೇ ಬಿದ್ದುಬಿಟ್ವು. ಮೈಮೇಲೆ ಟವೆಲ್ ಒಂದೇ. ಪಕ್ಕದ ಮನೆಯವರ ಫೋನಿಂದ ಮಾತಾಡ್ತಿದ್ದೀನಿ."

ಸೊಸೆ ನಾಲಿಗೆ ಕಚ್ಚಿಕೊಂಡಳು. ಎಂಜಿನಿಯರ್ ಅಲ್ಲ, ಗಿರಾಕಿ. ಹೊಸ ನಕ್ಷೆಯ ಮೊದಲ ಗಿರಾಕಿ.

"ತಪ್ಪು ತಿಳ್ಕೋಬೇಡಿ ಸಾರ್. ಹತ್ತಿರ ಇರೋ ಹುಡುಗನ್ನ ಈಗ್ಲೇ ಕಳಿಸ್ತೀನಿ. ವಿಳಾಸ ಹೇಳಿ."

ಅವಳ ಬೆರಳು ಕೀಲಿಮಣೆಯ ಮೇಲೆ ಕಾದಿತ್ತು. ಕೊನೆಗೆ ಆ ಕಡೆಯ ನೆಗಡಿ ತಾನಾಗಿಯೇ ವಾಸಿಯಾಯಿತು.

"ಹುಡುಗರನ್ನ ಕಳಿಸ್ಬೇಡ ಕಣಮ್ಮ, ನೀನೇ ಬಾ. ನಮ್ಮನೇನೇ."