ಅಧ್ಯಕ್ಷರು ಆರಿಸಿದ ಪುಸ್ತಕ

"ಇದು ಓದುಗರ ಕೂಟವೋ, ಮೀನು ಮಾರುಕಟ್ಟೆಯೋ?" ಅಧ್ಯಕ್ಷರು ಬೈಂಡಿಂಗ್ ಕೋಣೆಯ ಬಾಗಿಲಲ್ಲೇ ನಿಂತು ಗುಡುಗಿದರು.

ಬೈಂಡರಮ್ಮ ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಗ್ರಂಥಾಲಯದ ಹರಿದ ಪುಸ್ತಕಗಳನ್ನು ಹೊಲಿಯುವುದು ಅವಳ ಕೆಲಸ. ತಿಂಗಳಿಗೊಮ್ಮೆ ಕೂಟಕ್ಕೆ ಪುಸ್ತಕ ಆರಿಸುವುದು ಅವಳ ಹುಚ್ಚು. ಅವಳು ಕೈ ಹಾಕುವ ಮೊದಲು ಕೂಟಕ್ಕೆ ಬರುತ್ತಿದ್ದವರು ಮೂರೇ ಜನ, ಅದರಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರು. ಈಗ ಹನ್ನೆರಡು. ಹೋದ ತಿಂಗಳು ನರ್ಸಮ್ಮನೂ ಟೈಲರೂ ಒಂದು ಕಾದಂಬರಿಯ ನಾಯಕ ಒಳ್ಳೆಯವನೋ ಕೆಟ್ಟವನೋ ಎಂದು ಬಸ್ ನಿಲ್ದಾಣದವರೆಗೂ ಕಿತ್ತಾಡಿಕೊಂಡೇ ಹೋಗಿದ್ದರು.

"ಎಲ್ಲಿಂದ ಹುಡುಕ್ತೀಯಮ್ಮ ಇಂಥ ಪುಸ್ತಕಾನ?" ಎಂದು ನರ್ಸಮ್ಮ ಕೇಳಿದರೆ, "ನಾನು ಕೊನೆ ನೋಡ್ಕೊಂಡೇ ಆರಿಸೋದು ಅಕ್ಕ," ಎನ್ನುತ್ತಿದ್ದಳು.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಗದ್ದಲ ಅವರಿಗೆ ಆಗಿಬರದು. ಜಗಳದಲ್ಲಿ ಪುಸ್ತಕ ಹರಿದೀತೆಂದು, ಮಾತು ಶುರುವಾಗುವ ಮುಂಚೆಯೇ ಎಲ್ಲ ಪ್ರತಿಗಳನ್ನೂ ವಾಪಸು ಕೊಡಬೇಕೆಂಬ ನಿಯಮ ತಂದು, ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದರು. ಪುಸ್ತಕಗಳು ಉಳಿದವು, ಗದ್ದಲವೂ ಉಳಿಯಿತು.

"ಇನ್ಮೇಲೆ ಪುಸ್ತಕ ಆರಿಸೋದು ನಾನು. ನೀನು ಹೊಲಿಗೆ ಹಾಕ್ಕೊಂಡಿರು, ಸಾಕು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಹನ್ನೆರಡು ಜನ ಮೈಮರೆತು ವಾದ ಮಾಡುವ ಆ ಒಂದು ಸಂಜೆಗಾಗಿ ತಿಂಗಳಿಡೀ ಗೋಂದಿನ ವಾಸನೆ ಕುಡಿಯುತ್ತಿದ್ದಳು. ಅದನ್ನೂ ಕಿತ್ತುಕೊಳ್ಳಲು ಇವರು ಯಾರು?

"ಆರಿಸಿ ಸರ್. ಯಾವುದಾದ್ರೂ ಆಗ್ಲಿ. ಅದಕ್ಕೂ ಜನ ಜಗಳ ಆಡದಿದ್ರೆ ನಾನು ಕೂಟದ ಕಡೆ ತಲೆ ಹಾಕಿಯೂ ಮಲಗಲ್ಲ. ಆಡಿದ್ರೆ, ನೀವು ಮತ್ತೆ ಈ ಮಾತು ಎತ್ತಬಾರದು."

"ಆಯ್ತು. ನಿನ್ನ ಸೊಕ್ಕು ಇಳಿಸ್ತೀನಿ."

ಮರುದಿನವೇ ಹನ್ನೆರಡು ಹಳೆಯ ಪ್ರತಿಗಳ ಕಟ್ಟನ್ನು ತಂದು ಅವಳ ಮೇಜಿನ ಮೇಲೆ ಕುಕ್ಕಿದರು. ಅವರ ಶಾಲೆಯಲ್ಲಿ ಬಹುಮಾನಕ್ಕೆಂದು ತರಿಸಿ ಉಳಿದಿದ್ದವು. ಗುಲಾಬಿ ಬೆಳೆಸುವ ಗಂಡ ಹೆಂಡತಿಯ, ನೆಮ್ಮದಿಯಾಗಿ ಮುಗಿಯುವ ಕಥೆ.

"ನಾಲ್ಕು ಸಲ ಓದಿದ್ದೀನಿ, ಬಾಯಿಪಾಠ ಆಗಿದೆ. ನನಗೆ ಪ್ರತಿ ಬೇಡ. ಇದರಲ್ಲಿ ಅದೇನು ಜಗಳ ಹುಟ್ಟುತ್ತೋ ನೋಡೇಬಿಡೋಣ."

ಅವಳು ಒಂದು ಪುಸ್ತಕದ ಬೆನ್ನು ಸವರಿ ನೋಡಿದಳು. "ಹೊಲಿಗೆ ಸಡಿಲ ಆಗಿದೆ ಸರ್. ಸರಿ ಮಾಡಿ ಹಂಚ್ತೀನಿ."

"ಮಾಡು. ನಿನ್ನ ಕೆಲಸ ಅದೇ ತಾನೇ?"

ಕೂಟದ ದಿನ ಬಂತು. ಪ್ರತಿಗಳೆಲ್ಲ ವಾಪಸಾಗಿ ಬೈಂಡಿಂಗ್ ಕೋಣೆ ಸೇರಿದವು, ಬೀಗ ಬಿತ್ತು. ಅಧ್ಯಕ್ಷರು ಆಗಲೇ ಗೆದ್ದವರಂತೆ ನಗುತ್ತ ಮುಂದಿನ ಕುರ್ಚಿಯಲ್ಲಿ ಕುಳಿತರು.

ಟೈಲರು ಬಾಯಿ ತೆರೆದರು. "ಚೆನ್ನಾಗಿದೆ ಸರ್. ಕೊನೆಗೆ ಹೆಂಡ್ತಿ ವಾಪಸ್ ಬಂದ್ಲಲ್ಲ, ಕಣ್ಣಲ್ಲಿ ನೀರೇ ಬಂತು."

"ಬಂದ್ಲಾ?" ನರ್ಸಮ್ಮ ಹುಬ್ಬು ಗಂಟಿಕ್ಕಿದರು. "ಬಾಗಿಲು ಎಳ್ಕೊಂಡು ಹೋದ್ಲು, ಮುಗೀತು. ಒಳ್ಳೇ ಕೆಲಸ ಮಾಡಿದ್ಲು! ಮೂವತ್ತು ವರ್ಷ ಅವನ ಗುಲಾಬಿಗೆ ನೀರು ಹೊತ್ತಿದ್ದು ಸಾಲದಾ?"

"ಅಯ್ಯೋ, ವಾಪಸ್ ಬಂದು ಮೊದಲು ಆ ಗಿಡಕ್ಕೇ ನೀರು ಹಾಕ್ತಾಳಲ್ರೀ!"

"ಅದು ನಿಮ್ಮ ಕನಸು. ಗಂಡಸರಿಗೆ ಹಾಗೇ ಕಾಣೋದು."

"ಅಕ್ಕ ಹೇಳೋದೇ ಸರಿ. ಹೋದವಳು ಹೋದ್ಲು," ಎಂದು ಹಿಂದಿನಿಂದ ಕ್ಷೌರಿಕ ದನಿಗೂಡಿಸಿದ. ಅಷ್ಟೇ ಸಾಕಾಯಿತು. ಕೋಣೆ ಎರಡು ಪಕ್ಷವಾಯಿತು. ಗಂಡ ಹೆಂಡತಿ, ಕರ್ತವ್ಯ, ಸ್ವಾತಂತ್ರ್ಯ, ಯಾರ ಮನೆಯಲ್ಲಿ ಯಾರು ಪಾತ್ರೆ ತೊಳೆಯುತ್ತಾರೆ, ಎಲ್ಲವೂ ಬೀದಿಗೆ ಬಂತು.

ಅಧ್ಯಕ್ಷರು ತಡೆಯಲಾರದೆ ಎದ್ದು ನಿಂತರು. "ಕೊನೇ ಪುಟದಲ್ಲಿ ಅವಳು ವಾಪಸ್ ಬರ್ತಾಳೆ!"

"ಕೊನೇ ಪುಟ ನಾನೂ ಓದಿದ್ದೀನಿ ಸರ್!" ನರ್ಸಮ್ಮನೂ ಎದ್ದು ನಿಂತರು.

"ನಿಮಗೆ ಓದೋಕೆ ಬಂದ್ರೆ ತಾನೇ!" ಅವರು ಮೇಜು ಗುದ್ದಿದ ರಭಸಕ್ಕೆ ಚಹಾದ ಲೋಟ ಉರುಳಿತು. "ತಗೊಂಡು ಬಾರಮ್ಮ ಪುಸ್ತಕಾನ!"

ಬೈಂಡರಮ್ಮ ಜಾಗ ಬಿಟ್ಟು ಕದಲಲಿಲ್ಲ. ಬೋರ್ಡಿನ ಕಡೆ ಬೆರಳು ತೋರಿಸಿದಳು. "ನಿಯಮ ನಿಮ್ದೇ ಸರ್. ಅದಿರಲಿ, ಈಗ ಜಗಳ ಆಡ್ತಾ ಇರೋರು ಯಾರು?"

ಕೋಣೆ ಘೊಳ್ಳೆಂದು ನಕ್ಕಿತು. ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಸುಮ್ಮನಿರಲಾಗದೆ, "ಬರ್ತಾಳೆ ಕಣಯ್ಯ," ಎಂದು ಟೈಲರ ಕಿವಿಯಲ್ಲಿ ಗೊಣಗಿದರು. ಹೊರಡುವಾಗ ಅವಳ ಮುಖ ನೋಡದೆಯೇ ಕೇಳಿದರು, "ಮುಂದಿನ ತಿಂಗಳು ಯಾವ ಪುಸ್ತಕ? ನನಗೂ ಒಂದು ಪ್ರತಿ ಇಟ್ಟಿರು."

"ನಿಮಗೇಂತಲೇ ಒಂದು ಹೊಲಿದಿಡ್ತೀನಿ ಸರ್."

ಎಲ್ಲರೂ ಹೋದ ಮೇಲೆ ಅವಳು ಬೈಂಡಿಂಗ್ ಕೋಣೆಯ ಬೀಗ ತೆಗೆದಳು. ಹನ್ನೆರಡು ಪ್ರತಿಗಳಲ್ಲಿ ಆರನ್ನು ಬೇರೆ ಮಾಡಿ, ಹೊಲಿಗೆ ಬಿಚ್ಚಿ, ತಾನೇ ಕಿತ್ತು ಡ್ರಾಯರಿನಲ್ಲಿಟ್ಟಿದ್ದ ಕೊನೆಯ ಹದಿನಾರು ಪುಟಗಳನ್ನು ಒಂದೊಂದಕ್ಕೂ ವಾಪಸು ಹೊಲಿಯತೊಡಗಿದಳು.