ಕತ್ತರಿಸದ ಫೋಟೋ

ನಮ್ಮ ಹೊಳೆಯ ನೀರಲ್ಲಿ ಕಾಣುವುದು ಮುಂದಿನ ವರ್ಷದ ದೀಪಗಳು. ಅದನ್ನು ನೋಡಲು ಊರವರಿಗೆ ಹೆದರಿಕೆ. ಹಾಗಾಗಿ ಕ್ರಿಸ್ಮಸ್ ಫೋಟೋಗಳಲ್ಲಿ ನೀರಿನ ಭಾಗ ಕತ್ತರಿಸಿಯೇ ನಾನು ಗಿರಾಕಿಗಳಿಗೆ ಕೊಡುವುದು.

ಹೊಳೆಬದಿಯಲ್ಲಿ ಒಂಟಿಯಾಗಿರುವ ಮುದುಕಿ ಸೆವ್ರಿನ್ ಬಾಯಿ ಮಾತ್ರ ಕ್ಯಾಮೆರಾ ಕಸಿದು ನೋಡಿಯೇಬಿಟ್ಟರು. ಅವರ ಜಗಲಿಯಲ್ಲಿ ಕಾಗದದ ನಕ್ಷತ್ರ ಬೆಳಗುತ್ತಿತ್ತು. ನೀರಿನಲ್ಲಿ ಅವರ ಮನೆಯೊಂದೇ ಕತ್ತಲು.

"ನನ್ನಿಂದ ಇನ್ನು ಏಣಿ ಹತ್ಲಿಕ್ಕೆ ಆಗುದಿಲ್ಲ ಮಾರಾಯ, ಅಷ್ಟೇ," ಎಂದರು.

"ಮುಂದಿನ ವರ್ಷ ನಾನೇ ಬಂದು ನಕ್ಷತ್ರ ಕಟ್ತೇನೆ ಬಾಯಿ."

ಇಬ್ಬರೂ ಹೊಳೆಯತ್ತ ನೋಡಿದೆವು. ಕತ್ತಲು ಹಾಗೆಯೇ ಇತ್ತು.

ಬಾಯಿ ನಕ್ಕರು. "ಸುಮ್ಮನೆ ಹೇಳಿದ್ದಲ್ವಾ?"

ನನಗೆ ನಾಚಿಕೆಯಾಯಿತು. ಜಗಲಿಯ ನಕ್ಷತ್ರದತ್ತ ನೋಡಿ ಕೇಳಿದೆ, "ಏಣಿ ಎಲ್ಲಿಡ್ತೀರಿ?"

"ಹಿಂದೆ, ಬಚ್ಚಲಿನ ಗೋಡೆಗೆ."

ಅಷ್ಟರಲ್ಲಿ ನೀರಿನೊಳಗೆ ನಕ್ಷತ್ರ ಹೊತ್ತಿಕೊಂಡಿತು. ಇನ್ನೊಂದು ಫೋಟೋ ತೆಗೆದೆ. ಮರುದಿನ ಅದನ್ನು ಕತ್ತರಿಸದೆ ಸೆವ್ರಿನ್ ಬಾಯಿಯ ಕೈಗಿಟ್ಟೆ.